ಅಜ್ಜಿಯ ಕಿವಿ ಅಳಿಸಿಬಿಟ್ಟೆ: ಫೋಟೋ ಅಂಚು ಮೆತ್ತಗೆ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಸೋದರಮಾವನ ಷಷ್ಟ್ಯಬ್ದಿ ಶಾಂತಿಗೆ ಒಂದು ದೊಡ್ಡ ಫೋಟೋ ಮಾಡಿಕೊಡೋ ಅಂತ ಅತ್ತೆ ಕೇಳಿದಾಗ ನಾನು ಉಬ್ಬಿಹೋಗಿದ್ದೆ. ನಮ್ಮ ಮನೆತನದ ಮದುವೆ, ಮುಂಜಿ, ನಾಮಕರಣದ ವಾಟ್ಸಾಪ್ ಕರೆಯೋಲೆ ಎಲ್ಲಾ ಮಾಡೋದು ನಾನೇ. ಫೋಟೋಶಾಪ್ ಬರುತ್ತೆ ಅನ್ನೋ ಧಿಮಾಕು ಬೇರೆ. ಈ ಸಲ ಮೊಬೈಲಿಗಲ್ಲ, ಗೋಡೆಗೆ. 24ಕ್ಕೆ 36 ಇಂಚಿನ ಫ್ರೇಮು. ನಡುವೆ ಮಾವ-ಅತ್ತೆ, ಕೆಳಗೆ ಮಕ್ಕಳು ಮೊಮ್ಮಕ್ಕಳು, ಮೇಲೆ ಎಡಮೂಲೆಯಲ್ಲಿ ತೀರಿಹೋದ ಅಜ್ಜಿ. ಎಲ್ಲರೂ ಮರೂನ್ ಬಣ್ಣದ ಹಿನ್ನೆಲೆಯೊಳಗೆ ಮೆಲ್ಲಗೆ ಕರಗಿದ ಹಾಗಿರಬೇಕು ಅಂತ ಅತ್ತೆ ಆಸೆಪಟ್ಟಿದ್ದರು.

ಶಾಂತಿಯ ಹಿಂದಿನ ಸಂಜೆ ಪ್ರಿಂಟು ಬಂತು. ಸುತ್ತಿದ್ದ ಪೇಪರು ಬಿಚ್ಚಿದ ಕೂಡಲೇ ನನಗೆ ಗೊತ್ತಾಯಿತು. ಅಜ್ಜಿಯ ತಲೆಯ ಸುತ್ತ ಸುಣ್ಣ ಬಳಿದ ಹಾಗೆ ಬೆಳ್ಳನೆಯ ಮಬ್ಬು. ನೆರೆತ ಕೂದಲು ಎಲ್ಲಿ ಮುಗಿಯುತ್ತೆ, ಮಬ್ಬು ಎಲ್ಲಿ ಶುರುವಾಗುತ್ತೆ ಅಂತಲೇ ತಿಳಿಯುತ್ತಿರಲಿಲ್ಲ. ಒಂದು ಕಿವಿ ಪೂರ್ತಿ ಮಾಯ. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಮಾವನ ಮೊಮ್ಮಗ ಕೇಳಿದ, "ಮುತ್ತಜ್ಜಿ ಯಾಕೆ ಸಾಂಬ್ರಾಣಿ ಹೊಗೆಯೊಳಗೆ ಕೂತಿದಾರೆ?"

ಕಂಪ್ಯೂಟರಿನಲ್ಲಿ ನೋಡಿದಾಗ ಚೆನ್ನಾಗಿಯೇ ಇತ್ತಲ್ಲ ಅಂತ ರಾತ್ರಿಯೆಲ್ಲ ತಲೆ ಕೆಡಿಸಿಕೊಂಡೆ. ಆಮೇಲೆ ಲೆಕ್ಕ ಹಾಕಿದೆ. ಆ ಅಳತೆಗೆ ಇಂಚಿಗೆ 300 ಪಿಕ್ಸೆಲ್‌ನಂತೆ ಫೈಲು 7200ಕ್ಕೆ 10800 ಪಿಕ್ಸೆಲ್ ಆಗುತ್ತೆ. ನನ್ನ ಮಾನಿಟರಿನ ಎತ್ತರ 1080 ಪಿಕ್ಸೆಲ್. ಇಡೀ ಚಿತ್ರ ಪರದೆಗೆ ಹಿಡಿಸಿ ನೋಡಿದರೆ ಕಾಣೋದು ಅದರ ಶೇಕಡಾ 10ಕ್ಕೂ ಕಡಿಮೆ ಗಾತ್ರದಲ್ಲಿ. ನಾನು ಫೆದರ್, ಅಂದರೆ ಅಂಚನ್ನು ಮೆತ್ತಗೆ ಕರಗಿಸುವ ಅಳತೆ, 60 ಕೊಟ್ಟಿದ್ದೆ. 60 ಪಿಕ್ಸೆಲ್ ಅಂದರೆ ಪರದೆ ಮೇಲೆ ಐದಾರು ಚುಕ್ಕಿ, ಹಿತವಾದ ಮೆತ್ತನೆ ಅಂಚು. ಅದೇ ಕಾಗದದ ಮೇಲೆ ಅರ್ಧ ಸೆಂಟಿಮೀಟರು. ಶೇಕಡಾ 100ಕ್ಕೆ ಹಿಗ್ಗಿಸಿ ಅಂಚಿನುದ್ದಕ್ಕೂ ಒಂದು ಸುತ್ತು ಬಂದಿದ್ದರೆ ಐದು ನಿಮಿಷದ ಕೆಲಸ. ಬರಲಿಲ್ಲ.

ಫೆದರಿನ ಅಂಕಿ ಬಾಯಿಪಾಠ ಮಾಡಿಕೊಂಡವರಿಗೆ ಇನ್ನೊಂದು ಹಳ್ಳ ಕಾದಿದೆ. ಹತ್ತು ಪಿಕ್ಸೆಲ್ ಅನ್ನೋದು ಇಂಚಿಗೆ 72ರ ಫೈಲಿನಲ್ಲಿ ಮೂರೂವರೆ ಮಿಲಿಮೀಟರು, 300ರಲ್ಲಿ ಒಂದು ಮಿಲಿಮೀಟರೂ ಇಲ್ಲ. ಕರೆಯೋಲೆಗೆ ಒಪ್ಪಿದ ಅಂಕಿಯನ್ನು ದೊಡ್ಡ ಪ್ರಿಂಟಿಗೆ ಹಾಕಿದರೆ ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗಿರುತ್ತೆ. ಅದಕ್ಕೆ ಹೆದರಿಯೇ ನಾನು 60ಕ್ಕೆ ಹಾರಿದ್ದು, ಮತ್ತೆ ಅಲ್ಲೇ ಕೆಟ್ಟಿದ್ದು.

ಆ ಬಿಳಿ ಮಬ್ಬಿನ ಗುಟ್ಟು ತಿಳಿಯೋಕೆ ಇನ್ನೂ ಎರಡು ದಿನ ಬೇಕಾಯಿತು. ಫೆದರ್ ಅಂಚಿನಿಂದ ಒಳಗೆ ಮಾತ್ರ ಕರಗಿಸುತ್ತೆ ಅಂತ ನಾನು ತಿಳಿದಿದ್ದೆ. ಹಾಗಲ್ಲ, ಅದು ಎರಡೂ ಕಡೆ ಹರಡುತ್ತೆ. ನೀವು ಎಳೆದ ಗೆರೆಯ ಆಚೆಗಿರುವ ಹಳೇ ಹಿನ್ನೆಲೆಯನ್ನೂ ಅರೆಬರೆಯಾಗಿ ಎಳೆದು ತರುತ್ತೆ. ಅಜ್ಜಿ ಕೂತಿದ್ದು ಸ್ಟುಡಿಯೋದ ಬಿಳಿ ಪರದೆ ಮುಂದೆ. ಆ ಬಿಳುಪು ಗಾಢ ಮರೂನ್ ಮೇಲೆ ಬಂದು ಕೂತಿತು, ಅಷ್ಟೇ. ಸೆಲೆಕ್ಷನ್ನನ್ನು, ಅಂದರೆ ಆರಿಸಿಕೊಂಡ ಭಾಗದ ಗೆರೆಯನ್ನು, ಮೊದಲು ಕಾಂಟ್ರ್ಯಾಕ್ಟ್ ಮಾಡಿ ಕೆಲವು ಪಿಕ್ಸೆಲ್ ಒಳಕ್ಕೆ ತಂದು, ಆಮೇಲೆ ಫೆದರ್ ಕೊಡಬೇಕಿತ್ತು. ತೆಳು ಗೆರೆಯಂಥ ಬಿಳುಪಾದರೆ ಮ್ಯಾಟಿಂಗ್ ಮೆನುವಿನ ಡಿಫ್ರಿಂಜ್ ಒಂದೆರಡು ಪಿಕ್ಸೆಲ್ ಹಿಡಿದು ಒರೆಸುತ್ತೆ. ನನ್ನ ಸುಣ್ಣಕ್ಕೆ ಅದು ಯಾವ ಮೂಲೆಗೂ ಸಾಲಲಿಲ್ಲ.

ಅದಕ್ಕಿಂತ ದೊಡ್ಡ ಪೆದ್ದುತನ ಅಂದರೆ ಎಲ್ಲ ಕಡೆಗೂ ಒಂದೇ ಅಂಕಿ ಕೊಟ್ಟಿದ್ದು. ಮನುಷ್ಯರ ಅಂಚು ಎಲ್ಲ ಕಡೆ ಒಂದೇ ಥರ ಮೆತ್ತಗಿರಲ್ಲ ನೋಡಿ. ಸೀರೆ ಹೊದ್ದ ಭುಜದ ಗೆರೆ ಖಚಿತ, ಅಲ್ಲಿ ಒಂದೆರಡು ಪಿಕ್ಸೆಲ್ ಸಾಕು. ಕಿವಿ, ಕೆನ್ನೆಯಲ್ಲೂ ಅಷ್ಟೇ. ಕೂದಲಿನ ಹತ್ತಿರ ಫೆದರ್ ಇಡಲೇಬಾರದು, ಅದಕ್ಕೆ ಸೆಲೆಕ್ಟ್ ಆ್ಯಂಡ್ ಮಾಸ್ಕ್ ಅನ್ನೋ ಕಿಟಕಿ ತೆರೆದು ಎಳೆ ಎಳೆಯಾಗಿ ಬಿಡಿಸಬೇಕು. ಎದೆಯಿಂದ ಕೆಳಗೆ, ಚಿತ್ರ ಕರಗಿ ಹೋಗಬೇಕಾದ ಜಾಗದಲ್ಲಿ, ಐನೂರು ಪಿಕ್ಸೆಲ್ ಗಾತ್ರದ ಮೆತ್ತನೆ ಬ್ರಷ್ಷನ್ನೂ ಧಾರಾಳವಾಗಿ ಆಡಿಸಬಹುದು. ಹಳೇ ಸ್ಟುಡಿಯೋದವರು ಗರಗಸದ ಹಲ್ಲಿನಂತೆ ಅಂಚು ಕತ್ತರಿಸಿದ ತೂತಿನ ರಟ್ಟನ್ನು, ಫೋಟೋ ದೊಡ್ಡದು ಮಾಡುವ ಎನ್‌ಲಾರ್ಜರಿನ ಬೆಳಕಿಗೆ ಅಡ್ಡ ಹಿಡಿದು ಅಲ್ಲಾಡಿಸುತ್ತಾ ಇದೇ ಕರಗುವಿಕೆ ತರುತ್ತಿದ್ದರು. ಮುಖಕ್ಕೆ ರಟ್ಟಿನ ನೆರಳು ಸೋಕದ ಹಾಗೆ.

ಇಷ್ಟೂ ತಿದ್ದಬಹುದಾದ ತಪ್ಪುಗಳೇ. ತಿದ್ದಲಾಗದ್ದು ಮುಂದಿದೆ.

ನಾನು ಮಾಸ್ಕ್, ಅಂದರೆ ಫೋಟೋ ಅಳಿಸದೆ ಬರೀ ಮರೆಮಾಡುವ ಪರದೆ, ಹಾಕಿರಲಿಲ್ಲ. ಇರೇಸರ್ ಹಿಡಿದು ಸೀದಾ ಅಳಿಸಿದ್ದೆ. ಅಜ್ಜಿಯ ಎಡಗಿವಿ, ಅಂದರೆ ನಾವು ನೋಡುವಾಗ ಬಲಗಡೆಯದು, ಮಾವ-ಅತ್ತೆ ಕಡೆಗೆ ಕರಗಬೇಕಾದ ಬದಿ. ದೊಡ್ಡ ಬ್ರಷ್ಷಿನಲ್ಲಿ ಎರಡು ಸಲ ಎಳೆದೆ, ಕಿವಿ ಹೋಯಿತು, ಶೇಕಡಾ 10ರಲ್ಲಿ ಕಾಣಲೂ ಇಲ್ಲ. ಅಳಿಸಿದ್ದು ಯಾವ ಫೈಲಿನ ಮೇಲೆ ಗೊತ್ತಾ? ಮೂರು ವರ್ಷದ ಹಿಂದೆ ಇಂಚಿಗೆ 600ರಂತೆ ಸ್ಕ್ಯಾನ್ ಮಾಡಿಟ್ಟಿದ್ದ ಟಿಫ್ ಫೈಲಿನ ಮೇಲೇ. ಸೇವ್ ಒತ್ತಿದೆ, ಮುಚ್ಚಿದೆ. ಫೈಲು ಮುಚ್ಚಿದ ಮೇಲೆ ಹಿಸ್ಟರಿಯೂ ಇಲ್ಲ, ಅನ್‌ಡೂನೂ ಇಲ್ಲ. ಇನ್ನೊಂದು ಪ್ರತಿ ಎಲ್ಲೂ ಇಟ್ಟಿರಲಿಲ್ಲ.

ಮಾಸ್ಕ್ ಹಾಕಿದ್ದರೆ ಇಷ್ಟಾಗುತ್ತಿರಲಿಲ್ಲ. ಕಪ್ಪು ಬಳಿದರೆ ಮರೆ, ಬಿಳಿ ಬಳಿದರೆ ಮತ್ತೆ ಪ್ರತ್ಯಕ್ಷ, ಬೂದು ಬಳಿದರೆ ಅರೆಬರೆ. ಕೆಳಗಿನ ಫೋಟೋಕ್ಕೆ ಒಂದು ಚೂರೂ ಏಟಿಲ್ಲ. ಆಲ್ಟ್ ಹಿಡಿದು ಮಾಸ್ಕಿನ ಮೇಲೆ ಕ್ಲಿಕ್ ಮಾಡಿದರೆ ಕಪ್ಪುಬಿಳುಪಿನಲ್ಲಿ ಮಾಸ್ಕೇ ಕಾಣುತ್ತೆ, ಎಲ್ಲಿ ಬ್ರಷ್ ಜಾರಿದೆ ಅಂತ ತಕ್ಷಣ ತಿಳಿಯುತ್ತೆ. ಪ್ರಾಪರ್ಟೀಸ್ ಪ್ಯಾನೆಲ್ಲಿನಲ್ಲಿ ಆ ಮಾಸ್ಕಿಗೆ ಫೆದರ್ ಪಟ್ಟಿಯೂ ಇದೆ, ಬೇಕಾದಾಗ ಏರಿಸಿ, ಬೇಡವಾದಾಗ ಇಳಿಸಿ. ಇಷ್ಟೆಲ್ಲಾ ನನಗೆ ಗೊತ್ತಿತ್ತು ಅನ್ನೋದೇ ನಾಚಿಕೆಗೇಡು. ಇರೇಸರ್ ಬೇಗ ಆಗುತ್ತೆ ಅಂತ ಕೈ ಹೋಗಿದ್ದು.

ಮೂಲ ಫೋಟೋ ತೀರ್ಥಹಳ್ಳಿಯ ದೊಡ್ಡಮ್ಮನ ಮನೆಯಲ್ಲಿತ್ತು. ಸ್ಕ್ಯಾನ್ ಆದಮೇಲೆ ನಾನೇ ಅದಕ್ಕೆ ಕಟ್ಟು ಹಾಕಿಸಿ ಕೊಟ್ಟಿದ್ದೆ, ಗಾಜಿಗೂ ಫೋಟೋಕ್ಕೂ ನಡುವೆ ಅಂತರ ಕೊಡುವ ಮೌಂಟ್ ಬೋರ್ಡಿನ ರಟ್ಟು ಇಡಿಸದೆ. ಮಲೆನಾಡಿನ ಮೂರು ಮಳೆಗಾಲದ ಥಂಡಿಗೆ ಫೋಟೋ ಗಾಜಿಗೆ ಕಚ್ಚಿಕೊಂಡಿತ್ತು. ಹಳೇ ಫೋಟೋದ ಮೇಲಿರುವುದು ಜೆಲಟಿನ್ ಪದರ, ತೇವ ಕುಡಿದರೆ ಅದೇ ಗೋಂದು. ನಾನು ಫೋನ್ ಮಾಡಿ "ಫ್ರೇಮಿಂದ ತೆಗೆದು ಕಳಿಸಿ" ಅಂದೆ. ಅಣ್ಣ ಪಾಪ ಹುಷಾರಾಗೇ ಎಳೆದಿದ್ದಾನೆ. ಎಡಗೆನ್ನೆಯ ಅಂಚಿನಿಂದ ಭುಜದವರೆಗಿನ ಪದರ ಗಾಜಿನಲ್ಲೇ ಉಳಿಯಿತು.

ಅಂಟಿದ ಫೋಟೋ ಕೀಳಬಾರದು, ಗಾಜಿನ ಸಮೇತ ಸ್ಕ್ಯಾನ್ ಮಾಡಬೇಕು ಅಂತ ಆಮೇಲೆ ಒಬ್ಬ ಹಿರಿಯ ಫೋಟೋಗ್ರಾಫರ್ ಹೇಳಿದರು. ಅದೂ ಎಲ್ಲ ಸ್ಕ್ಯಾನರಿಗೆ ಆಗಲ್ಲ. ತೆಳ್ಳಗಿನ ಸಿಐಎಸ್ (ಗಾಜಿನ ಅಡಿಯಲ್ಲೇ ಸಂವೇದಕ ಇರುವ) ಥರದವು ಗಾಜಿಗೆ ತಾಗಿದ್ದನ್ನು ಮಾತ್ರ ಸ್ಪಷ್ಟ ಕಾಣುತ್ತವೆ, ನಡುವೆ ಇನ್ನೊಂದು ಗಾಜು ಬಂದರೆ ಮಸುಕು. ಸಿಸಿಡಿ ಇರುವ, ಅಂದರೆ ಕನ್ನಡಿ-ಲೆನ್ಸಿನ ಮೂಲಕ ನೋಡುವ, ದಪ್ಪ ಸ್ಕ್ಯಾನರ್ ಹುಡುಕಬೇಕು.

ಉಳಿದದ್ದನ್ನು ಹೇಗೋ ಕೂಡಿಸಿದೆ. ಮೊದಲು ಅತ್ತೆಯನ್ನು ಒಪ್ಪಿಸಿ ಮರೂನ್ ಬಿಡಿಸಿದೆ. ತಿಳಿ ಕೆನೆ ಬಣ್ಣದ ಹಿನ್ನೆಲೆ ಹಾಕಿ, ಅಜ್ಜಿಯ ಲೇಯರನ್ನು ಮಲ್ಟಿಪ್ಲೈಗೆ, ಅಂದರೆ ಬಿಳುಪು ಮರೆಯಾಗಿ ಗಾಢ ಭಾಗವಷ್ಟೇ ಕಾಣುವ ಬಗೆಗೆ, ಹಾಕಿದರೆ ಹಳೇ ಬಿಳಿ ಪರದೆ ತಾನಾಗೇ ಕರಗಿಹೋಯಿತು, ಕೂದಲ ಎಳೆಗಳು ಹಾಗೇ ಉಳಿದವು. ಅರ್ಧ ಕೆಲಸ ಬಣ್ಣ ಬದಲಿಸಿದ್ದರಿಂದಲೇ ಮುಗಿದಿತ್ತು, ಮೊದಲೇ ಹೊಳೆಯಬೇಕಿತ್ತು. ಮೊದಲ ಪ್ರಿಂಟಿನಲ್ಲಿ ಮರೂನ್ ಕಪ್ಪಿಗೆ ತಿರುಗುವ ಕಡೆ ಪಟ್ಟಿ ಪಟ್ಟಿಯಾಗಿ ಮೆಟ್ಟಿಲು ಬೇರೆ ಕಂಡಿದ್ದವು. 8 ಬಿಟ್‌ನಲ್ಲಿ ಒಂದು ಬಣ್ಣಕ್ಕೆ ಇರೋದೇ 256 ಮೆಟ್ಟಿಲು, ಗಾಢ ಬಣ್ಣದಲ್ಲಿ ಅದರಲ್ಲೂ ಕೆಲವೇ ಕೆಲವು ಬಳಕೆಯಾಗೋದು, ಅವನ್ನು ಒಂದಡಿ ಉದ್ದಕ್ಕೆ ಹಿಗ್ಗಿಸಿದರೆ ಕಾಣದೆ ಇನ್ನೇನು. ಎರಡನೇ ಸಲ ಶೇಕಡಾ 2ರಷ್ಟು ನಾಯ್ಸ್, ಅಂದರೆ ಸಣ್ಣ ಸಣ್ಣ ಚುಕ್ಕಿ, ಉದುರಿಸಿದೆ, ಪಟ್ಟಿಗಳು ಹೋದವು, ಹಳೇ ಫೋಟೋದ ಕಾಳುಕಾಳು ಮೈಗೂ ಹೊಸ ಫೋಟೋಗಳ ನುಣುಪಿಗೂ ಹೊಂದಿಕೆಯೂ ಬಂತು.

ಎಡಗಿವಿಗೆ ಬಲಗಿವಿಯನ್ನೇ ನಕಲು ಮಾಡಿ, ಅಡ್ಡಲಾಗಿ ತಿರುಗಿಸಿ ಕೂರಿಸಿದೆ. ಬೆಳಕು ಉಲ್ಟಾ ಬೀಳುತ್ತಿತ್ತು, ಬ್ರಷ್ಷಿನಲ್ಲಿ ಸರಿಮಾಡಿದೆ. ಏಳು ಹರಳಿನ ಬೆಂಡೋಲೆ ಎರಡೂ ಕಡೆ ಮಿಂಚುತ್ತಿತ್ತು. ಶಾಂತಿ ಮುಗಿದು ತಿಂಗಳಾದ ಮೇಲೆ ಆ ಹೊಸ ಫ್ರೇಮು ಮಾವನ ಮನೆ ಗೋಡೆ ಏರಿತು, ಎಲ್ಲರೂ ಭೇಷ್ ಅಂದರು.

ದೊಡ್ಡಮ್ಮ ಬಂದಾಗ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಅಮ್ಮನ ಎಡಗಡೆ ಓಲೆಯಲ್ಲಿ ಒಂದು ಹರಳು ಬಿದ್ದುಹೋಗಿತ್ತು ಕಣೋ," ಅಂದರು. "ನಾನು ಮಗುವಾಗಿದ್ದಾಗ ಎಳೆದಿದ್ದೆನಂತೆ. ಅದನ್ನ ಕಟ್ಟಿಸಲೇ ಇಲ್ಲ ಅವಳು."