ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ಇಂಪೀಡೆನ್ಸ್ ಯಂತ್ರ: ವರ್ಷಗಟ್ಟಲೆ ಬಳಸಿದ ಮೇಲೆ

ಗಿಡಮೂಲಿಕೆ ಸಾರಗಳನ್ನು ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸುವ ಲ್ಯಾಬಿನವರು, ಕೋಶಗಳ ಸ್ಥಿತಿಯನ್ನು ಇಂಪೀಡೆನ್ಸ್ (ಕರೆಂಟಿಗೆ ಬೀಳುವ ತಡೆ) ಅಳೆದು ತೋರಿಸುವ ಈ ಯಂತ್ರ ತಗೊಳ್ಳಬಹುದಾ ಎಂದು ಕೇಳುತ್ತಿರುತ್ತಾರೆ. ತಗೊಳ್ಳಿ. ಆದರೆ ಅದರ ಜೊತೆ ಬರುವ ಎಐ ಸಾಫ್ಟ್‌ವೇರ್ ನೋಡಿ ತಗೊಳ್ಳಬೇಡಿ.

ಮೊದಲು ನಮಗಿದ್ದದ್ದು ಎಂಟಿಟಿ ಪರೀಕ್ಷೆ ಒಂದೇ. ಹಳದಿ ದ್ರಾವಣವನ್ನು ಜೀವಂತ ಕೋಶಗಳು ನೇರಳೆ ಮಾಡುತ್ತವೆ, ಆ ಬಣ್ಣವನ್ನು 570 ನ್ಯಾನೋಮೀಟರ್ ಸುಮಾರಿಗೆ ಅಳೆಯುತ್ತೇವೆ. ನೆಲ್ಲಿ, ಅಳಲೆಕಾಯಿಯಂಥ ಪಾಲಿಫೀನಾಲ್ ತುಂಬಿದ ಸಾರ ಹಾಕಿದರೆ ಕೋಶವೇ ಇಲ್ಲದ ವೆಲ್ (ಪ್ಲೇಟಿನ ಪುಟ್ಟ ಗುಳಿ) ಕೂಡ ನೇರಳೆಗೆ ತಿರುಗುತ್ತದೆ! ಸತ್ತ ಕೋಶಗಳೂ ಲೆಕ್ಕದಲ್ಲಿ ಬದುಕಿಬಿಡುತ್ತವೆ. ಅಳತೆ ಮುಗಿಯುವಷ್ಟರಲ್ಲಿ ಪ್ಲೇಟೂ ಮುಗಿದಿರುತ್ತದೆ, ಮತ್ತೆ ನೋಡುವ ಹಾಗಿಲ್ಲ.

ಈ ಯಂತ್ರಕ್ಕೆ ಬಣ್ಣದ ಹಂಗಿಲ್ಲ. ವೆಲ್‌ಗಳ ತಳದಲ್ಲಿ ಚಿನ್ನದ ಎಲೆಕ್ಟ್ರೋಡ್ ಇದೆ, ಅದರಲ್ಲಿ ತೀರಾ ಸಣ್ಣ ಎಸಿ ಕರೆಂಟ್ ಹರಿಯುತ್ತದೆ. ಕೋಶಗಳು ಅಂಟಿಕೊಂಡು ಹರಡಿದಂತೆ ಅವುಗಳ ಪೊರೆ ಕರೆಂಟಿಗೆ ಅಡ್ಡ ನಿಲ್ಲುತ್ತದೆ, ಇಂಪೀಡೆನ್ಸ್ ಏರುತ್ತದೆ. ದುಂಡಗಾಗಿ ಕಳಚಿಕೊಂಡರೆ ಇಳಿಯುತ್ತದೆ. ಈ ಉಪಾಯವನ್ನು 1984ರಲ್ಲಿ ಪ್ರಕಟಿಸಿದವರು ಐವರ್ ಜೀವರ್ ಮತ್ತು ಚಾರ್ಲ್ಸ್ ಕೀಸ್. ಜೀವರ್ ಅಷ್ಟು ಹೊತ್ತಿಗಾಗಲೇ 1973ರ ಭೌತಶಾಸ್ತ್ರದ ನೊಬೆಲ್ ಪಡೆದವರು. ಅಂಥವರು ಕೋಶಗಳ ಕಡೆ ತಿರುಗಿದ್ದು ನಮ್ಮ ಪುಣ್ಯ.

ನನ್ನ ಮನಸ್ಸು ಗೆದ್ದದ್ದು ಒಂದು ಗ್ರಾಫ್. ಸಾರ ಹಾಕಿದ ಕೆಲವೇ ಗಂಟೆಗಳಲ್ಲಿ ಇಂಪೀಡೆನ್ಸ್ ಗೆರೆ ಕುಸಿಯಿತು, ರಾತ್ರಿಯಿಡೀ ಕೆಳಗೇ ಇತ್ತು, ಮರುದಿನ ಮಧ್ಯಾಹ್ನದಿಂದ ನಿಧಾನವಾಗಿ ಮೇಲೆದ್ದು ಸಾರ ಹಾಕದ ವೆಲ್‌ಗಳ ಗೆರೆಗೆ ಹತ್ತಿರ ಬಂತು. ಕೊನೆಯಲ್ಲಿ ಒಂದೇ ರೀಡಿಂಗ್ ತೆಗೆದಿದ್ದರೆ "ಪರಿಣಾಮವಿಲ್ಲ" ಎಂದು ಬರೆದು ಮುಂದೆ ಹೋಗುತ್ತಿದ್ದೆವು. ಪೆಟ್ಟು ಬಿದ್ದು ಚೇತರಿಸಿಕೊಂಡ ಕೋಶವೇ ಬೇರೆ, ಪೆಟ್ಟೇ ಬೀಳದ ಕೋಶವೇ ಬೇರೆ. ಹಾಗಂತ ಗೆರೆ ಇಳಿದ ಮಾತ್ರಕ್ಕೆ ಸಾವು ಎನ್ನುವಂತಿಲ್ಲ. ಹಿಡಿತ ಬಿಟ್ಟ ಕೋಶ ಬದುಕಿರಬಹುದು. ಸತ್ತ ಕೋಶಗಳಿಗೆ ಮಾತ್ರ ನೀಲಿ ಹಿಡಿಸುವ ಟ್ರೈಪಾನ್ ಬ್ಲೂ ಬಣ್ಣ ಹಾಕಿ ನೋಡಲೇಬೇಕು.

ಸಾಫ್ಟ್‌ವೇರ್ ಎಡವುವುದು ಇಲ್ಲೇ. ಇನ್‌ಕ್ಯುಬೇಟರ್ (ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆ) ಬಾಗಿಲು ತೆರೆದರೆ ಎಲ್ಲ ವೆಲ್‌ಗಳ ಗೆರೆಯೂ ಒಟ್ಟಿಗೆ ಅಲುಗುತ್ತದೆ, ಸಾಫ್ಟ್‌ವೇರ್ ಅದನ್ನೇ ಸಾರದ ವಿಷವೆಂದು ಗುರುತು ಹಾಕುತ್ತದೆ. ಕೊನೆಗೆ ನಮ್ಮ ಪಿಎಚ್‌ಡಿ ಹುಡುಗಿ ನಮ್ಮದೇ ಗ್ರಾಫ್‌ಗಳಿಂದ ರ‍್ಯಾಂಡಮ್ ಫಾರೆಸ್ಟ್ (ಉದಾಹರಣೆಗಳಿಂದ ಕಲಿತು ವಿಂಗಡಿಸುವ) ಮಾಡೆಲ್ ಕಟ್ಟಿದಳು. ಒಂದೇ ಪ್ಲೇಟಿನ ವೆಲ್‌ಗಳನ್ನು ಕಲಿಕೆಗೂ ಪರೀಕ್ಷೆಗೂ ಹಂಚಿದರೆ ಅಂಕ ಸುಳ್ಳೇ ಏರುತ್ತದೆಂದು, ಪರೀಕ್ಷೆಗೆ ಇಡೀ ಪ್ಲೇಟನ್ನೇ ಬೇರೆ ಇಟ್ಟಳು. ಅಂಕ ಕಡಿಮೆ ಬಂತು, ಆದರೆ ನಂಬುವಂಥದ್ದು.

ನಮ್ಮೂರ ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಯಂತ್ರಕ್ಕಷ್ಟೇ ಅಲ್ಲ, ಇನ್‌ಕ್ಯುಬೇಟರಿಗೂ ಯುಪಿಎಸ್ ಬೇಕು. ಒಳಗಿನ ತೇವದಿಂದ ಪ್ಲೇಟ್ ಕೂರುವ ಕಾಂಟ್ಯಾಕ್ಟ್‌ಗಳು ಮಂಕಾಗುತ್ತವೆ, ಆಗಾಗ ಒರೆಸಿ. ಪ್ಲೇಟ್‌ಗಳು ದುಬಾರಿ, ಒಂದೇ ಸಲದ ಬಳಕೆ. ತಳಕ್ಕೆ ಅಂಟದೆ ತೇಲಾಡುವ ರಕ್ತಕೋಶಗಳೇ ನಿಮ್ಮ ಕೆಲಸವಾದರೆ ಇದು ಬೇಡ.

ಹಣ ಕಟ್ಟುವ ಮೊದಲು, ಯಂತ್ರ ಅಳೆಯುವ ಎಲ್ಲ ಎಸಿ ಫ್ರೀಕ್ವೆನ್ಸಿಗಳ ಕಚ್ಚಾ ದತ್ತಾಂಶ ಸಿಎಸ್‌ವಿ (ಸಾದಾ ಪಟ್ಟಿಯ) ಫೈಲ್ ಆಗಿ ಹೊರಬರುತ್ತದೆಯೇ ಎಂದು ಡೆಮೊ ದಿನವೇ ತೆಗೆಸಿ ನೋಡಿ. ಅದು ಸಿಗದಿದ್ದರೆ ನಿಮ್ಮದೇ ಮಾಡೆಲ್ ಕಟ್ಟಲು ಆಗುವುದಿಲ್ಲ.