ಲಕ್ಷ ಎಲ್ಲಿ ಹೋಯ್ತು? ಅಮ್ಮನ ಬ್ಯಾಂಕ್ ಆ್ಯಪ್‌ಗೆ 5ಕ್ಕೆ 2 ಸ್ಟಾರ್

ತಿಪಟೂರು ಮಾರ್ಕೆಟ್ಟಿಗೆ ಹಾಕಿದ ಕೊಬ್ಬರಿಯ ದುಡ್ಡು ಅಮ್ಮನ ಖಾತೆಗೆ ಬಂದಿತ್ತು. ಪ್ರತಿ ಸಲ ಬ್ಯಾಂಕಿಗೆ ಅಲೆಯುವುದು ಯಾಕೆ ಅಂತ ಅವಳ ಫೋನಿಗೆ ಬ್ಯಾಂಕಿನ ಆ್ಯಪ್ ಹಾಕಿಕೊಟ್ಟೆ. ಯಾವ ಬ್ಯಾಂಕು ಅನ್ನೋದು ಬೇಡ ಬಿಡಿ. ಭಾಷೆ ಕನ್ನಡ ಅಂತ ಆರಿಸಿದೆ. ಎಡವಟ್ಟು ಅಲ್ಲಿಂದಲೇ ಶುರು.

'ಕೊನೆಯ ಹೆಸರು' ಕಡ್ಡಾಯವಂತೆ. "ಇರೋದೇ ಒಂದು ಹೆಸರು. ಅದರಲ್ಲಿ ಮೊದಲ್ಯಾವುದು, ಕೊನೆ ಯಾವುದು?" ಅಂದಳು ಅಮ್ಮ. ಇನಿಶಿಯಲ್ ಹಾಕಿದರೆ ಎರಡಕ್ಷರವಾದರೂ ಬೇಕು ಅಂತು. ಚುಕ್ಕಿ ಇಟ್ಟರೆ ಅದೂ ನಡೆಯಲ್ಲ. ಕೊನೆಗೆ ಅವಳ ಹೆಸರನ್ನೇ ಎರಡು ಸಲ ಬರೆದೆ. ಒಪ್ಪಿಕೊಂಡಿತು!

ಒಳಗೆ 'ಮನೆ' ಅಂತ ಒಂದು ಬಟನ್. ಆ್ಯಪ್‌ನ ಮೊದಲ ಪುಟಕ್ಕೆ ಹೋಗುವ 'ಹೋಮ್' ಅದು. ಮನೆ ಸಾಲ ಇರಬೇಕು ಅಂತ ಅಮ್ಮ ಅದನ್ನು ಮುಟ್ಟಲೇ ಇಲ್ಲ. ಸ್ಟೇಟ್‌ಮೆಂಟಿಗೆ 'ಹೇಳಿಕೆ' ಅಂತಿದೆ. "ಯಾರಿಗೆ ಹೇಳಿಕೆ ಕೊಡಬೇಕೋ, ಪೊಲೀಸರಿಗಾ?" ಅನುವಾದ ಮಾಡಿದವರಿಗೆ ಬರೀ ಪದಗಳ ಪಟ್ಟಿ ಕೊಟ್ಟಿದ್ದಾರೆ, ಸ್ಕ್ರೀನ್ ತೋರಿಸಿಲ್ಲ ಅನ್ನಿಸುತ್ತದೆ.

ಪಿನ್ ತಪ್ಪಿದಾಗ 'ಮತ್ತೆ ಪ್ರಯತ್ನಿಸು' ಅಂತ ಬಂತು. ಇಂಗ್ಲಿಷಿನಲ್ಲಿ ಈ ಮಾತಿಗೆ ನೀನು-ನೀವು ಭೇದ ಇಲ್ಲ, ಸರಿ. ಆದರೆ ಕೌಂಟರಿನ ಹುಡುಗ 'ಬನ್ನಿ ಅಮ್ಮಾ' ಅಂತಾನೆ. ಅದೇ ಬ್ಯಾಂಕಿನ ಆ್ಯಪ್ 65 ವರ್ಷದವಳನ್ನು ಏಕವಚನದಲ್ಲಿ ಮಾತಾಡಿಸುತ್ತದೆ. ಒಂದು 'ಇ'ಕಾರ ಹಾಕಿ 'ಪ್ರಯತ್ನಿಸಿ' ಅನ್ನೋಕೆ ಏನು ಕಷ್ಟ?

ಅಕ್ಷರಗಳ ಪಾಡು ಬೇರೆ. 'ಮೊತ್ತ' ಅನ್ನುವುದು 'ಮೊತ' ಆಗಿದೆ, 'ರದ್ದು' ಅನ್ನುವುದು 'ರದು' ಆಗಿದೆ. ಕನ್ನಡಕ್ಕೆ ಕೆಳಗೊಂದು ನೆಲಮಾಳಿಗೆ ಇದೆ, ಒತ್ತಕ್ಷರ ಇರೋದು ಅಲ್ಲೇ. ಇವರ ಬಟನ್ ಇಂಗ್ಲಿಷಿನ ಎತ್ತರಕ್ಕೆ ಹೊಲಿದ ಅಂಗಿ.

ನನಗೆ ಸಿಟ್ಟು ಬಂದಿದ್ದು ಮಾತ್ರ ಅಲ್ಪವಿರಾಮಕ್ಕೆ. ಬಂದ ದುಡ್ಡು 1,86,000. ಆ್ಯಪ್ ತೋರಿಸಿದ್ದು 186,000. ಅಮ್ಮ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. "ನೂರೆಂಬತ್ತಾರು ಸಾವಿರ ಅಂತಿದೆ. ಲಕ್ಷ ಎಲ್ಲಿ ಹೋಯ್ತು?" ಲೆಕ್ಕ ಒಂದೇ ಅಂತ ಎಷ್ಟು ಹೇಳಿದರೂ ಅವಳ ಮುಖದ ಅನುಮಾನ ಹೋಗಲಿಲ್ಲ.

ಎರಡು ಸ್ಟಾರ್ ಯಾಕೆ ಅಂದರೆ, ಕ್ಯೂಆರ್ ಸ್ಕ್ಯಾನ್ ಚುರುಕಾಗಿದೆ. ತಾರೀಕಿನಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆದಿದ್ದಾರೆ. ಅಮೆರಿಕದವರ ಹಾಗೆ ತಿಂಗಳು ಮೊದಲು, ದಿನ ಆಮೇಲೆ ಅನ್ನುವ ಗೊಂದಲ ಇಲ್ಲ.

ವಾರ ಕಳೆದ ಮೇಲೆ ಅಮ್ಮನೇ ಹೇಳಿದಳು, "ಇಂಗ್ಲಿಷಿಗೇ ಹಾಕ್ಕೊಡು. ಬ್ಯಾಲೆನ್ಸ್, ಸ್ಟೇಟ್‌ಮೆಂಟು ನಂಗೆ ಗೊತ್ತು." ಹಾಕಿಕೊಟ್ಟೆ. ಅಲ್ಪವಿರಾಮ ಅಲ್ಲೂ ಹಾಗೇ ಇತ್ತು. ಮರುದಿನ ಬಸ್ ಹತ್ತಿ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದಳು.