ಡಿಜಿಯಾತ್ರಾ: ಸಮಯ ಉಳಿಯುವುದೆಲ್ಲಿ, ಕೆಲಸ ಕೆಡುವುದೆಲ್ಲಿ

ದೇಶದೊಳಗೆ ವಿಮಾನದಲ್ಲಿ ಓಡಾಡುವವರಿಗೆ ಡಿಜಿಯಾತ್ರಾ ಉಪಯೋಗದ ಸೇವೆ. ಕ್ಯಾಮೆರಾ ಮುಖ ಗುರುತಿಸಿ ನಿಲ್ದಾಣದ ಗೇಟು ತೆರೆಯುವ ವ್ಯವಸ್ಥೆ ಇದು. ಆದರೆ ಎಲ್ಲ ಸಿದ್ಧತೆಯೂ ಮನೆಯಲ್ಲೇ ಮುಗಿದಿರಬೇಕು. ನಿಲ್ದಾಣದ ಬಾಗಿಲಲ್ಲಿ ನಿಂತು ಆ್ಯಪ್ ಇಳಿಸಿಕೊಳ್ಳಲು ಹೋದರೆ ಪಕ್ಕದ ಮಾಮೂಲಿ ಸಾಲೇ ಬೇಗ ಸಾಗುತ್ತದೆ. ಬೆಂಗಳೂರು, ದೆಹಲಿ, ವಾರಾಣಸಿಗಳಲ್ಲಿ 2022ರ ಡಿಸೆಂಬರ್ 1ರಂದು ಶುರುವಾದ ಈ ಸೇವೆ ಈಗ ಇನ್ನೂ ಹಲವು ನಿಲ್ದಾಣಗಳಲ್ಲಿದೆ. ದುಡ್ಡು ಕೊಡಬೇಕಿಲ್ಲ, ಕಡ್ಡಾಯವೂ ಅಲ್ಲ.

ನೋಂದಣಿ ಒಂದೇ ಸಲದ ಕೆಲಸ. ಮೊಬೈಲ್ ಸಂಖ್ಯೆಗೆ ಬರುವ ಒಟಿಪಿ ಹಾಕಿ, ಡಿಜಿಲಾಕರ್ ಮೂಲಕ ಆಧಾರ್ ಜೋಡಿಸಿ, ಸೆಲ್ಫಿ ಕೊಟ್ಟರೆ ಆಯಿತು. ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗುತ್ತದೆ, ಬೆಳಕು ಎದುರಿನಿಂದ ಬೀಳುವಂತೆ ನಿಲ್ಲಿ. ಆಮೇಲೆ ಪ್ರತಿ ಪ್ರಯಾಣಕ್ಕೂ ವೆಬ್ ಚೆಕ್-ಇನ್ ಮಾಡಿ, ಬೋರ್ಡಿಂಗ್ ಪಾಸ್ ಏರಿಸಿ, ಹೊರಡುವ ನಿಲ್ದಾಣದೊಂದಿಗೆ ‘ಶೇರ್’ ಮಾಡಬೇಕು. ಪಾಸ್ ಏರಿಸಿ ಶೇರ್ ಮರೆಯುವವರು ಬಹಳ. ಆಗ ನಿಲ್ದಾಣದ ಯಂತ್ರಕ್ಕೆ ನಿಮ್ಮ ಮುಖದ ಮಾಹಿತಿಯೇ ಹೋಗಿರುವುದಿಲ್ಲ, ಗೇಟು ತೆರೆಯುವುದಿಲ್ಲ.

ಅತಿ ಹೆಚ್ಚು ಕಾಟ ಕೊಡುವುದು ಹೆಸರು. ಟಿಕೆಟಿನ ಹೆಸರು ಆಧಾರ್‌ನ ಹೆಸರಿಗೆ ತಾಳೆಯಾಗಬೇಕು. ನಮ್ಮ ಕಡೆ ಇನಿಷಿಯಲ್ ಬರೆಯುವ ರೂಢಿ. ಆಧಾರ್‌ನಲ್ಲಿ ‘ಮಂಜುನಾಥ ಕೆ ಆರ್’ ಎಂದಿರುತ್ತದೆ. ಟಿಕೆಟ್ ಮಾಡುವ ಜಾಲತಾಣ ಸರ್‌ನೇಮ್ ಕೇಳಿತೆಂದು ಅಲ್ಲಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಬಿಡಿಸಿ ಬರೆದಿರುತ್ತಾರೆ, ಇಲ್ಲವೇ ‘ಮಂಜುನಾಥ’ವನ್ನೇ ಎರಡು ಸಲ ಹಾಕಿರುತ್ತಾರೆ. ಇಂಗ್ಲಿಷಿನಲ್ಲಿ ಕೊನೆಯ ‘ಎ’ ಒಂದು ಕಡೆ ಇದ್ದು ಇನ್ನೊಂದು ಕಡೆ ಬಿಟ್ಟುಹೋಗಿರುವುದೂ ಉಂಟು. ಸಾಲದ್ದಕ್ಕೆ ಬೋರ್ಡಿಂಗ್ ಪಾಸಿನ ಬಾರ್‌ಕೋಡ್‌ನಲ್ಲಿ ಹೆಸರಿಗೆ ಸಿಗುವುದು 20 ಅಕ್ಷರಗಳ ಜಾಗ, ಉದ್ದದ ಹೆಸರು ಅಲ್ಲೇ ತುಂಡಾಗುತ್ತದೆ. ಟಿಕೆಟ್ ಮಾಡುವಾಗಲೇ ಆಧಾರ್ ಎದುರಿಗಿಟ್ಟುಕೊಂಡು ಅದರಲ್ಲಿರುವ ಕಾಗುಣಿತದಲ್ಲೇ ಬರೆಯುವುದು ಒಳ್ಳೆಯದು. ತಪ್ಪಾಗಿದ್ದರೆ ವೆಬ್ ಚೆಕ್-ಇನ್‌ಗೆ ಮೊದಲೇ ವಿಮಾನ ಸಂಸ್ಥೆಯನ್ನು ಕೇಳಿ ಸರಿಪಡಿಸಿಕೊಳ್ಳಿ.

ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ಸಂಖ್ಯೆಯಲ್ಲಿ) ನಾಲ್ಕು ಜನರಿದ್ದರೆ ಪಿಡಿಎಫ್‌ನಲ್ಲಿ ನಾಲ್ಕು ಕೋಡ್ ಇರುತ್ತವೆ. ಅವರವರ ಪುಟ ಅವರವರ ಆ್ಯಪ್‌ಗೆ ಹೋಗಬೇಕು. ಅಂಚು ಕತ್ತರಿಸಿದ ಸ್ಕ್ರೀನ್‌ಶಾಟ್, ವಾಟ್ಸ್‌ಆ್ಯಪ್‌ನಲ್ಲಿ ಬಂದ ಮಸುಕು ಚಿತ್ರ ಓದಿಸುವುದು ಕಷ್ಟ. ಸೀಟು ಅಥವಾ ವಿಮಾನ ಬದಲಾಗಿ ಹೊಸ ಪಾಸ್ ಬಂದರೆ ಅದನ್ನೂ ಮತ್ತೆ ಏರಿಸಿ.

ಗೇಟಿನಲ್ಲಿ ಪಾಸಿನ ಕೋಡ್ ತೋರಿಸಿ, ಟೋಪಿ, ಮಾಸ್ಕ್, ಕಪ್ಪು ಕನ್ನಡಕ ತೆಗೆದು ಕ್ಯಾಮೆರಾ ನೋಡಬೇಕು. ಹಿಂದಿನವರು ಹೆಗಲ ಮೇಲಿಂದ ಇಣುಕಿದರೆ ಯಂತ್ರ ತಡವರಿಸುತ್ತದೆ, ಒಬ್ಬೊಬ್ಬರೇ ನಿಲ್ಲಿ. ಗುರುತಿನ ಚೀಟಿ ಕೈಗೆ ಸಿಗುವಂತಿರಲಿ. ಮುಖ ಹೊಂದದಿದ್ದರೆ ಮಾಮೂಲಿ ಸಾಲೇ ಗತಿ.

ನಿಜವಾಗಿ ಸಮಯ ಉಳಿಯುವುದು ಟರ್ಮಿನಲ್ ಬಾಗಿಲಲ್ಲಿ, ಅದೂ ಬೆಳಗಿನ ಜಾವದ ನೂಕುನುಗ್ಗಲಿನಲ್ಲಿ. ಭದ್ರತಾ ತಪಾಸಣೆಯ ಮುಂದಿನ ಗೇಟಿನಲ್ಲೂ ಸ್ವಲ್ಪ ಅನುಕೂಲವಿದೆ. ಆದರೆ ಟ್ರೇ, ಮೈತಪಾಸಣೆ, ಲಗೇಜ್ ಕೌಂಟರ್ ಎಲ್ಲ ಮೊದಲಿನಂತೆಯೇ. ಡಿಜಿಯಾತ್ರಾ ಇದೆ ಎಂದು ಮನೆಯಿಂದ ತಡವಾಗಿ ಹೊರಡಬೇಡಿ. ಹೆಬ್ಬಾಳದ ಟ್ರಾಫಿಕ್‌ಗೆ ಇದರಿಂದ ಪರಿಹಾರವಿಲ್ಲ.

ಮಾಹಿತಿಯ ವಿಚಾರ. ಗುರುತಿನ ವಿವರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ನಿಲ್ದಾಣಕ್ಕೆ ಹೋದದ್ದನ್ನು ವಿಮಾನ ಹೊರಟ 24 ಗಂಟೆಯೊಳಗೆ ಅಳಿಸುತ್ತೇವೆ ಎಂಬುದು ಅಧಿಕೃತ ಮಾತು. ಫೋನ್ ಬದಲಿಸಿದರೆ ನೋಂದಣಿ ಮತ್ತೆ ಮೊದಲಿಂದ. ಪ್ರವೇಶದ್ವಾರದಲ್ಲಿ ಸಿಬ್ಬಂದಿ ಸರಿಯಾಗಿ ತಿಳಿಸದೆಯೇ ಮುಖದ ಚಿತ್ರ ತೆಗೆದುಕೊಳ್ಳುತ್ತಾರೆಂಬ ದೂರುಗಳು 2024ರ ಆರಂಭದಲ್ಲಿ ಕೇಳಿಬಂದಿದ್ದವು. ಇದು ಸಣ್ಣ ವಿಷಯವಲ್ಲ. ಬೇಡವೆನಿಸಿದರೆ ಬೇಡ ಎನ್ನಿ, ಚೀಟಿ ತೋರಿಸಿ ಒಳಹೋಗುವ ದಾರಿ ಇದ್ದೇ ಇದೆ.

ವಿದೇಶಕ್ಕೆ ಹೋಗುವವರಿಗೆ ಇದು ಸಲ್ಲದು. ಅವರಿಗೆ ಬೇಕಾದದ್ದು ಇಮಿಗ್ರೇಷನ್ ತಪಾಸಣೆ ಬೇಗ ಮುಗಿಸುವ ಗೃಹ ಸಚಿವಾಲಯದ ಯೋಜನೆ ಎಫ್‌ಟಿಐ-ಟಿಟಿಪಿ. 2025ರ ಜನವರಿಯಿಂದ ಬೆಂಗಳೂರಿನಲ್ಲೂ ಇದೆ. ಭಾರತೀಯ ನಾಗರಿಕರು, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿನವರು ಆನ್‌ಲೈನ್‌ನಲ್ಲಿ ಉಚಿತವಾಗಿ ಅರ್ಜಿ ಹಾಕಬಹುದು. ಪಾಸ್‌ಪೋರ್ಟ್‌ಗೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಅರ್ಜಿ ಒಪ್ಪಿಗೆಯಾದ ಮೇಲೆ ಒಮ್ಮೆ ಬೆರಳಚ್ಚು, ಮುಖಚಿತ್ರ ಕೊಡಬೇಕು. ನೋಂದಣಿ 5 ವರ್ಷ ಅಥವಾ ಪಾಸ್‌ಪೋರ್ಟ್ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಹಾಗಾಗಿ ಪಾಸ್‌ಪೋರ್ಟ್ ಮುಗಿಯುವ ಹಂತದಲ್ಲಿದ್ದರೆ ಮೊದಲು ಅದನ್ನು ನವೀಕರಿಸಿ, ಆಮೇಲೆ ಅರ್ಜಿ ಹಾಕಿ.